ಸವುಳು ನೀರಿನಲ್ಲಿ ಹಸಿರು: ಮೀನಿನ ತೊಟ್ಟಿಯ ಗಿಡಗಳ ಬಗ್ಗೆ ಓದುಗರ ಪ್ರಶ್ನೆಗಳು

ಈ ಸಲ ಅಂಕಣಕ್ಕೆ ಬಂದ ಪತ್ರಗಳಲ್ಲಿ ಮೀನಿಗಿಂತ ಗಿಡದ ವಿಚಾರವೇ ಹೆಚ್ಚಾಗಿತ್ತು. ಬರೆದವರೆಲ್ಲರೂ ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆಯವರು. ಎಲ್ಲರದೂ ಸರಳ ತೊಟ್ಟಿಗಳು, ಎಂದರೆ ಕಾರ್ಬನ್ ಡೈಆಕ್ಸೈಡ್ ಸಿಲಿಂಡರಾಗಲಿ ದುಬಾರಿ ದೀಪವಾಗಲಿ ಇಲ್ಲದೆ, ಒಂದು ಎಲ್‌ಇಡಿ ಪಟ್ಟಿ ಮತ್ತು ಒಂದು ಸ್ಪಾಂಜ್ ಫಿಲ್ಟರಿನ ಮೇಲೆ ನಡೆಯುವಂಥವು. ಪತ್ರಗಳನ್ನು ಸಂಕ್ಷೇಪಿಸಿ ಉತ್ತರಗಳೊಡನೆ ಕೊಟ್ಟಿದೆ.

ಪ್ರಶ್ನೆ: ನಳದ ನೀರನ್ನು ಕುಡಿಯಲು ಮತ್ತು ಅಡುಗೆಗೆ ಇಟ್ಟುಕೊಂಡು, 60 ಲೀಟರಿನ ಮೀನಿನ ತೊಟ್ಟಿಗೆ ಮನೆಯ ಬೋರ್‌ವೆಲ್ ನೀರನ್ನು ಹಾಕುತ್ತೇವೆ. ಪರೀಕ್ಷೆ ಮಾಡಿಸಿದಾಗ ಗಡಸುತನ ಲೀಟರಿಗೆ 520 ಮಿಲಿಗ್ರಾಂ, ಪಿಎಚ್ 8.2 ಎಂದು ಬಂತು. ಕಬೊಂಬಾ ಗಿಡವನ್ನು ಎರಡು ಸಲ ತಂದೆವು. ಎರಡೂ ಸಲ ಹದಿನೈದು ದಿನದೊಳಗೆ ಉದುರಿಹೋಯಿತು. ಜಾವಾ ಮಾಸ್ ಕಂದು ಬಣ್ಣಕ್ಕೆ ತಿರುಗಿತು. ಆದರೆ ವ್ಯಾಲಿಸ್ನೇರಿಯಾ ಮಾತ್ರ ತೊಟ್ಟಿಯ ತುಂಬ ಹಬ್ಬಿದೆ. ಅದರ ಎಲೆಗಳ ಮೇಲೆ ಬಿಳಿಯ ಒರಟು ಪುಡಿ ಕೂರುತ್ತಿದೆ. ಇದು ರೋಗವೇ? (ಗದಗದ ಒಬ್ಬ ಶಿಕ್ಷಕಿ)

ಉತ್ತರ: ರೋಗವಲ್ಲ. ಕಬೊಂಬಾ ಏಕೆ ಸತ್ತಿತು, ವ್ಯಾಲಿಸ್ನೇರಿಯಾ ಏಕೆ ಬದುಕಿತು ಎಂಬುದಕ್ಕೆ ಉತ್ತರವೇ ಆ ಬಿಳಿಯ ಪುಡಿಯಲ್ಲಿದೆ. ಅದು ಸುಣ್ಣ, ಕ್ಯಾಲ್ಸಿಯಂ ಕಾರ್ಬೊನೇಟ್. ನಿಮ್ಮ ಮನೆಯ ಗೀಸರಿನ ಕಾಯಿಲ್ ಮೇಲೆ, ಚಹಾ ಕಾಸುವ ಪಾತ್ರೆಯ ತಳದಲ್ಲಿ ಕಟ್ಟುವ ಪದರವೂ ಅದೇ.

ಗಿಡಕ್ಕೆ ಬೆಳಕಿನಷ್ಟೇ ಇಂಗಾಲವೂ ಬೇಕು. ನೆಲದ ಗಿಡ ಅದನ್ನು ಗಾಳಿಯ ಕಾರ್ಬನ್ ಡೈಆಕ್ಸೈಡ್‌ನಿಂದ ಪಡೆಯುತ್ತದೆ. ನೀರಿನೊಳಗೆ ಆ ಅನಿಲ ಗಾಳಿಗಿಂತ ಸುಮಾರು ಹತ್ತು ಸಾವಿರ ಪಟ್ಟು ನಿಧಾನವಾಗಿ ಹರಡುತ್ತದೆ; ಸಿಲಿಂಡರಿನ ತೊಟ್ಟಿಯಲ್ಲಿ ಲೀಟರಿಗೆ 30 ಮಿಲಿಗ್ರಾಂವರೆಗೆ ಇಡುವಾಗ, ನಮ್ಮಂಥವರ ತೊಟ್ಟಿಯಲ್ಲಿ ಎರಡೋ ಮೂರೋ ಮಿಲಿಗ್ರಾಂ ಸಿಕ್ಕರೆ ಹೆಚ್ಚು. ಪಿಎಚ್ 8ನ್ನು ದಾಟಿದ ಗಡಸು ನೀರಿನಲ್ಲಿ ಇಂಗಾಲವೇನೋ ಧಾರಾಳವಾಗಿರುತ್ತದೆ, ಆದರೆ ಅದರ ಬಹುಭಾಗ ಬೈಕಾರ್ಬೊನೇಟ್ ರೂಪದಲ್ಲಿರುತ್ತದೆ. ಈ ಬೈಕಾರ್ಬೊನೇಟನ್ನು ಒಡೆದು ಇಂಗಾಲವನ್ನು ಬಳಸಿಕೊಳ್ಳುವ ಶಕ್ತಿ ವ್ಯಾಲಿಸ್ನೇರಿಯಾ, ಹೈಡ್ರಿಲ್ಲಾ, ಹಾರ್ನ್‌ವರ್ಟ್‌ನಂಥ ಗಿಡಗಳಿಗಿದೆ. ಕಬೊಂಬಾಕ್ಕೂ ಮಾಸ್‌ಗಳಿಗೂ ಇಲ್ಲ. ಬೈಕಾರ್ಬೊನೇಟ್ ಒಡೆಯುವಾಗ ಎಲೆಯ ಮೈಮೇಲೆ ಪಿಎಚ್ ಏರಿ, ಅಲ್ಲಿ ಸುಣ್ಣ ಹರಳುಗಟ್ಟುತ್ತದೆ. ನೀವು ನೋಡುತ್ತಿರುವ ಪುಡಿ ಅದು. ಕಬೊಂಬಾ ಹಸಿವಿನಿಂದ ಸತ್ತಿತು, ಅದೂ ಉಣಿಸು ತುಂಬಿದ ಮನೆಯಲ್ಲಿ.

ಆದ್ದರಿಂದ ಮೂರನೆಯ ಸಲ ಕಬೊಂಬಾ ತರುವ ಖರ್ಚು ಬೇಡ. ನೀರಿಗೆ ತಕ್ಕ ಗಿಡವನ್ನು ಹುಡುಕುವುದು ಸುಲಭ, ಗಿಡಕ್ಕೆ ತಕ್ಕ ನೀರನ್ನು ತಿಂಗಳುಗಟ್ಟಲೆ ಒದಗಿಸುವುದು ಕಷ್ಟ. ವ್ಯಾಲಿಸ್ನೇರಿಯಾ ಹಿಂಬದಿಗಿರಲಿ. ಹೈಡ್ರಿಲ್ಲಾ ಅಥವಾ ಹಾರ್ನ್‌ವರ್ಟ್ ಒಂದು ಮೂಲೆಯಲ್ಲಿ ತೇಲಲಿ. ಮುಂಬದಿಗೆ ಶ್ರೀಲಂಕಾ ಮೂಲದ ಕ್ರಿಪ್ಟೊಕೊರೈನ್ ವೆಂಡ್ಟಿಯೈ ನೆಡಿ. ಅದು ಬೇಗ ಬೆಳೆಯುವುದಿಲ್ಲ, ಆದರೆ ಗಡಸು ನೀರನ್ನು ಸಹಿಸುತ್ತದೆ. ಕಲ್ಲು ಅಥವಾ ಮರದ ತುಂಡಿನ ಮೇಲೆ ಅನುಬಿಯಸ್ ಕಟ್ಟಬಹುದು. ನೂಲಿನಿಂದ ಕಟ್ಟುವಾಗ ಅದರ ದಪ್ಪ ಗೆಡ್ಡೆಕಾಂಡ ಉಸುಕಿನೊಳಗೆ ಹೂತುಹೋಗದಂತೆ ನೋಡಿಕೊಳ್ಳಿ, ಹೂತರೆ ಕೊಳೆಯುತ್ತದೆ. ಎಲೆ ನೀರಿನ ಮೇಲೆ ಇರುವ ತೇಲುವ ಗಿಡಗಳಿಗಂತೂ ಈ ಇಂಗಾಲದ ಚಿಂತೆಯೇ ಇಲ್ಲ, ಅವು ಗಾಳಿಯಿಂದಲೇ ಪಡೆಯುತ್ತವೆ. ಆದರೆ ಅವು ಮೇಲ್ಮೈಯ ಮೂರನೆಯ ಒಂದು ಭಾಗವನ್ನು ದಾಟದಂತೆ ಆಗಾಗ ತೆಗೆಯುತ್ತಿರಬೇಕು, ಇಲ್ಲದಿದ್ದರೆ ಕೆಳಗಿನ ಗಿಡಗಳಿಗೆ ಬೆಳಕು ಇಳಿಯುವುದಿಲ್ಲ.

ನೀವು ಕೇಳದ, ಆದರೆ ನಿಮ್ಮ ಪತ್ರ ಓದಿದಾಗ ನನ್ನನ್ನು ಹೆಚ್ಚು ಕಾಡಿದ ವಿಷಯ ಇನ್ನೊಂದಿದೆ. ಕುಡಿಯುವ ನೀರಿಗೆ ಭಾರತೀಯ ಮಾನಕವು ಒಪ್ಪುವ ಗಡಸುತನ 200 ಮಿಲಿಗ್ರಾಂ. ಬೇರೆ ಮೂಲವೇ ಇಲ್ಲದಿದ್ದರೆ 600ರವರೆಗೆ. ನಿಮ್ಮದು 520ರಿಂದ ಆರಂಭವಾಗುತ್ತದೆ. ಬೇಸಿಗೆಯಲ್ಲಿ ನಿಮ್ಮ ಊರಿನ ಒಣ ಹವೆಗೆ ತೆರೆದ ತೊಟ್ಟಿಯಿಂದ ದಿನಕ್ಕೆ ಒಂದು ಲೀಟರು ಆವಿಯಾಗುತ್ತದೆ ಎಂದಿಟ್ಟುಕೊಳ್ಳಿ. ಹೋಗುವುದು ಬರೀ ನೀರು, ಲವಣ ಹೋಗುವುದಿಲ್ಲ. ಆ ಜಾಗಕ್ಕೆ ಮತ್ತೆ ಬೋರ್‌ವೆಲ್ ನೀರನ್ನೇ ಸುರಿದರೆ ತಿಂಗಳಿಗೆ 30 ಲೀಟರು ಸುರಿದಂತಾಯಿತು, ಅದರೊಡನೆ 15 ಗ್ರಾಂಗೂ ಹೆಚ್ಚು ಗಡಸು ಲವಣ ತೊಟ್ಟಿಗೆ ಸೇರಿತು. 60 ಲೀಟರಿಗೆ ಹಂಚಿದರೆ ಲೀಟರಿಗೆ 260 ಮಿಲಿಗ್ರಾಂ ಏರಿಕೆ. ಅದರಲ್ಲಿ ಸ್ವಲ್ಪ ಸುಣ್ಣವಾಗಿ ಗಾಜಿಗೂ ಎಲೆಗೂ ಅಂಟಿಕೊಂಡೀತು, ಉಳಿದದ್ದು ನೀರಿನಲ್ಲೇ ಇರುತ್ತದೆ. ಹೀಗಾಗಿ ಆವಿಯಾದ ನೀರನ್ನು ತುಂಬಲು ಆರ್‌ಓ ನೀರನ್ನೋ ಮಳೆಗಾಲದಲ್ಲಿ ಹಿಡಿದಿಟ್ಟ ಮಾಳಿಗೆಯ ನೀರನ್ನೋ ಬಳಸಿ. ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಿಸುವಾಗ ಅರ್ಧ ಬೋರ್‌ವೆಲ್, ಅರ್ಧ ಆರ್‌ಓ ಬೆರೆಸಿ. ಬರೀ ಆರ್‌ಓ ನೀರು ಬೇಡ, ಅದರಲ್ಲಿ ಗಿಡಕ್ಕೆ ಬೇಕಾದ ಕ್ಯಾಲ್ಸಿಯಂ, ಮೆಗ್ನೀಶಿಯಂ ಎರಡೂ ಇಲ್ಲದಂತಾಗುತ್ತವೆ. ಸ್ನಾನದ ನೀರಿಗೆ ಹಾಕಿಸುವ ಸಾಫ್ಟ್‌ನರ್‌ನ ನೀರೂ ಬೇಡ: ಅದು ಕ್ಯಾಲ್ಸಿಯಂ ತೆಗೆದು ಆ ಜಾಗದಲ್ಲಿ ಸೋಡಿಯಂ ಇಡುತ್ತದೆ.

ಪ್ರಶ್ನೆ: ತೊಟ್ಟಿಯ ತಳಕ್ಕೆ ಅಂಗಡಿಯ ಮಣ್ಣು ದುಬಾರಿ ಎಂದು ನಮ್ಮ ಹೊಲದ ಎರೆಮಣ್ಣನ್ನು ಹಾಕಿ ಮೇಲೆ ತೆಳುವಾಗಿ ಉಸುಕು ಹರವಿದೆ. ನಳದ ನೀರು ತುಂಬಿಸಿ ಮೂರು ವಾರವಾದರೂ ಕದಡಿದಂತೆಯೇ ಇದೆ, ಗಿಡಗಳನ್ನು ಅಲುಗಿಸಿದರೆ ಕೆಟ್ಟ ವಾಸನೆ ಬರುತ್ತದೆ. ಮಣ್ಣು ಬಳಸಿದ್ದೇ ತಪ್ಪೇ? (ಧಾರವಾಡ ತಾಲ್ಲೂಕಿನ ಓದುಗರು)

ಉತ್ತರ: ಮಣ್ಣು ಬಳಸಿದ್ದು ತಪ್ಪಲ್ಲ, ಸಿಲಿಂಡರ್ ಇಲ್ಲದ ತೊಟ್ಟಿಗೆ ಮಣ್ಣಿಗಿಂತ ಒಳ್ಳೆಯ ತಳವಿಲ್ಲ ಎಂದೇ ನನ್ನ ಅಭಿಪ್ರಾಯ. ಅದರೊಳಗಿನ ಸಾವಯವ ಅಂಶ ಕೊಳೆಯುತ್ತ ಸ್ವಲ್ಪ ಸ್ವಲ್ಪವಾಗಿ ಕಾರ್ಬನ್ ಡೈಆಕ್ಸೈಡನ್ನೂ ಪೋಷಕಾಂಶಗಳನ್ನೂ ಬಿಡುತ್ತಿರುತ್ತದೆ. ತಪ್ಪಾಗಿರುವುದು ಮಣ್ಣಿನ ಆಯ್ಕೆಯಲ್ಲಿ. ನಾನೂ ಮೊದಲ ತೊಟ್ಟಿಗೆ ಎರೆಮಣ್ಣನ್ನೇ ಹಾಕಿದ್ದೆ. ಬೆಳೆಗೆ ಇಷ್ಟು ಒಳ್ಳೆಯ ಮಣ್ಣು ಜಲಸಸ್ಯಕ್ಕೆ ಒಗ್ಗದೆ ಇದ್ದೀತೇ ಎಂಬ ಹುಂಬತನ. ಎರಡು ತಿಂಗಳು ಕೆಸರು ನೀರನ್ನು ನೋಡಿ ತೊಟ್ಟಿಯನ್ನು ಖಾಲಿ ಮಾಡಿದೆ.

ಎರೆಮಣ್ಣಿನ ಜೇಡಿಯ ಕಣಗಳು ಅತಿ ನುಣುಪು. ಒಣಗಿದಾಗ ಬಿರಿಯುವ, ನೆನೆದಾಗ ಉಬ್ಬುವ ಗುಣ ಅದರದು. ಗಿಡದ ಆಹಾರವನ್ನು ಹಿಡಿದಿಡುವ ಶಕ್ತಿ ಅದಕ್ಕೆ ಹೆಚ್ಚು ಎಂಬುದು ನಿಜ, ಆದರೆ ನೀರಿನಡಿ ಅದು ಅಂಟಾಗಿ ಕುಳಿತು ಬೇರಿಗೆ ಉಸಿರುಗಟ್ಟಿಸುತ್ತದೆ. ಮೇಲಾಗಿ ನಮ್ಮ ಎರೆಭೂಮಿಯಲ್ಲಿ ಸುಣ್ಣದ ಹರಳುಗಳು ಸಾಮಾನ್ಯ. ಒಂದು ಹಿಡಿ ಒಣ ಮಣ್ಣಿಗೆ ವಿನೆಗರ್ ಸುರಿದು ನೋಡಿ, ಬುರುಬುರು ನೊರೆ ಬಂದರೆ ಸುಣ್ಣವಿದೆ, ಅದು ನೀರನ್ನು ಗಡಸು ಮಾಡುತ್ತಲೇ ಇರುತ್ತದೆ. ಜೇಡಿ ಕದಡಿದಾಗ ಬೋರ್‌ವೆಲ್‌ನ ಗಡಸು ನೀರಿನಲ್ಲಿ ಕಣಗಳು ಒಂದಕ್ಕೊಂದು ಅಂಟಿ ಬೇಗ ತಳ ಸೇರುತ್ತವೆ. ನಿಮ್ಮ ನಳಕ್ಕೆ ಬರುವ ಮಲಪ್ರಭೆಯ ನೀರು ಅಷ್ಟು ಗಡಸಲ್ಲವಾದ್ದರಿಂದ ಕದಡಿದ್ದು ತೇಲುತ್ತಲೇ ಇದೆ.

ಬದಲಿಗೆ ಮಸಾರಿ ಮಣ್ಣನ್ನು ತನ್ನಿ. ಇತ್ತೀಚೆಗೆ ಸಗಣಿ ಗೊಬ್ಬರವಾಗಲಿ ಯೂರಿಯಾ ಆಗಲಿ ಬೀಳದ, ಕಳೆನಾಶಕ ಹೊಡೆಯದ ಜಾಗದ ಮಣ್ಣಾಗಿರಬೇಕು. ಮಸಾರಿಯ ಕೆಂಪು ಬಣ್ಣ ಕಬ್ಬಿಣದ ಆಕ್ಸೈಡಿನದು. ನೀರಿನಡಿ ಆಮ್ಲಜನಕ ಕಡಿಮೆಯಾದಾಗ ಬ್ಯಾಕ್ಟೀರಿಯಾಗಳು ಆ ಕಬ್ಬಿಣವನ್ನು ಕರಗುವ ರೂಪಕ್ಕೆ ತರುತ್ತವೆ, ಬೇರು ಅದನ್ನು ಹೀರುತ್ತದೆ. ಕಲಘಟಗಿ ಕಡೆಯ ಭತ್ತದ ಗದ್ದೆಯಲ್ಲಿ ನಡೆಯುವುದೂ ಇದೇ ಕ್ರಿಯೆ. ಮಣ್ಣನ್ನು ಜರಡಿ ಹಿಡಿದು, ಬಕೆಟ್ಟಿನಲ್ಲಿ ನೆನೆಸಿ, ಮೇಲೆ ತೇಲುವ ಕಸವನ್ನು ಚೆಲ್ಲಿ, ಒಣಗಿಸಿ, ಮತ್ತೆ ನೆನೆಸಿ, ಹೀಗೆ ಎರಡು ಮೂರು ಸಲ ಮಾಡಿ. ತೊಟ್ಟಿಯಲ್ಲಿ ಎರಡೂವರೆ ಸೆಂಟಿಮೀಟರಿಗಿಂತ ದಪ್ಪ ಬೇಡ. ಅದರ ಮೇಲೆ ಅಷ್ಟೇ ದಪ್ಪಕ್ಕೆ ತೊಳೆದ ದಪ್ಪ ಉಸುಕನ್ನು ಹಾಕಿ. ಸೋಸಿದ ನುಣುಪು ಉಸುಕು ಒತ್ತೊತ್ತಾಗಿ ಕುಳಿತುಬಿಡುವುದರಿಂದ ಎರಡು ಮಿಲಿಮೀಟರ್ ಆಸುಪಾಸಿನ ಕಾಳು ಒಳ್ಳೆಯದು. ನೀರು ಸುರಿಯುವಾಗ ಒಂದು ತಟ್ಟೆಯ ಮೇಲೆ ಸುರಿಯಿರಿ. ಕೊಳೆತ ಮೊಟ್ಟೆಯ ವಾಸನೆ ಬಂದರೆ ಅದು ಹೈಡ್ರೋಜನ್ ಸಲ್ಫೈಡ್: ತೆಳುವಾದ ಕಡ್ಡಿಯಿಂದ ಅಲ್ಲಲ್ಲಿ ಚುಚ್ಚಿ ಗುಳ್ಳೆ ಬಿಡಿಸಿ, ಮತ್ತು ಬೇರು ಬೇಗ ಬಿಡುವ ವ್ಯಾಲಿಸ್ನೇರಿಯಾವನ್ನು ಮೊದಲ ದಿನವೇ ದಟ್ಟವಾಗಿ ನೆಡಿ, ಜಲಸಸ್ಯಗಳ ಬೇರು ಮಣ್ಣಿಗೆ ಆಮ್ಲಜನಕವನ್ನು ಒಯ್ಯುತ್ತದೆ. ಮೊದಲ ತಿಂಗಳು ಮೀನು ಬಿಡಬೇಡಿ. ಇನ್ನೊಂದು ಮಾತು, ಕೆಂಪು ಮಣ್ಣು ಚೆನ್ನಾಗಿದೆ ಎಂದು ಕಪ್ಪತಗುಡ್ಡದಿಂದ ಅಗೆದು ತರುವವರಿದ್ದಾರೆ. ಅದು ವನ್ಯಜೀವಿಧಾಮ, ಒಂದು ಹಿಡಿಯೂ ತರಕೂಡದು.

ಪ್ರಶ್ನೆ: ನಾವು ಬ್ಯಾಡಗಿ ಮೆಣಸಿನಕಾಯಿ ಬೆಳೆಯುವವರು. ಬೆಳೆಗೆ ಸಿಂಪಡಿಸುವ 19-19-19 ಗೊಬ್ಬರ (ಸಾರಜನಕ, ರಂಜಕ, ಪೊಟ್ಯಾಶ್ ತಲಾ ಶೇ 19) ಮನೆಯಲ್ಲಿದೆ. ತೊಟ್ಟಿಯ ಗಿಡದ ಹಳೆಯ ಎಲೆಗಳಲ್ಲಿ ಸಣ್ಣ ಸಣ್ಣ ತೂತು ಬೀಳುತ್ತಿವೆ, ಹೊಸ ಎಲೆ ಬಿಳಿಚಿಕೊಂಡಿವೆ. ಅದನ್ನೇ ಚಿಟಿಕೆ ಹಾಕಬಹುದೇ? (ಹಾವೇರಿ ಜಿಲ್ಲೆ)

ಉತ್ತರ: ಹಾಕಬೇಡಿ. 19-19-19ರ ಸಾರಜನಕದಲ್ಲಿ ಅರ್ಧಕ್ಕಿಂತ ಹೆಚ್ಚು ಯೂರಿಯಾ, ಉಳಿದದ್ದರಲ್ಲಿ ಅಮೋನಿಯಂ ಕೂಡ ಇದೆ. ತೊಟ್ಟಿಯಲ್ಲಿ ಯೂರಿಯಾ ಅಮೋನಿಯಾ ಆಗುತ್ತದೆ, ಪಿಎಚ್ ಹೆಚ್ಚಿದ್ದಷ್ಟೂ ಅದು ಮೀನಿಗೆ ಹೆಚ್ಚು ವಿಷ. ಮೀನು ಉಳಿದರೂ ನೀರು ಹಸಿರುಗಟ್ಟುತ್ತದೆ.

ಮೀನಿನ ಆಹಾರದಿಂದ ಸಾರಜನಕವೂ ರಂಜಕವೂ ತೊಟ್ಟಿಗೆ ದಿನವೂ ಸೇರುತ್ತಿರುತ್ತವೆ. ಕೊರತೆಯಾಗುವುದು ಸಾಮಾನ್ಯವಾಗಿ ಪೊಟ್ಯಾಶ್ ಮತ್ತು ಕಬ್ಬಿಣದ್ದು. ಹಳೆಯ ಎಲೆಯಲ್ಲಿ ತೂತು ಬಿದ್ದರೆ ಪೊಟ್ಯಾಶ್, ಹೊಸ ಎಲೆ ಬಿಳಿಚಿ ನರ ಮಾತ್ರ ಹಸಿರಾಗಿದ್ದರೆ ಕಬ್ಬಿಣ. ನಿಮ್ಮಲ್ಲಿ ಎರಡೂ ಇದ್ದಂತಿದೆ. ಪೊಟ್ಯಾಶ್‌ಗೆ ಗೊಬ್ಬರದ ಅಂಗಡಿಯ 0-0-50, ಎಂದರೆ ನೀರಿನಲ್ಲಿ ಪೂರ್ಣ ಕರಗುವ ಪೊಟ್ಯಾಶಿಯಂ ಸಲ್ಫೇಟ್, ಸಾಕು. 60 ಲೀಟರಿಗೆ ವಾರಕ್ಕೆ ಅರ್ಧ ಗ್ರಾಂ ಹಾಕಿದರೆ ಲೀಟರಿಗೆ ಸುಮಾರು ಮೂರೂವರೆ ಮಿಲಿಗ್ರಾಂ ಪೊಟ್ಯಾಶಿಯಂ ಸಿಗುತ್ತದೆ. ಮೀನು ತೀರ ಕಡಿಮೆಯಿದ್ದು ಹಳೆಯ ಎಲೆಗಳು ಇಡಿಯಾಗಿ ಹಳದಿಯಾಗುತ್ತಿದ್ದರೆ ಮಾತ್ರ 13-0-45, ಅಂದರೆ ಪೊಟ್ಯಾಶಿಯಂ ನೈಟ್ರೇಟ್, ಅದೇ ಪ್ರಮಾಣದಲ್ಲಿ. ಅದರ ಸಾರಜನಕ ನೈಟ್ರೇಟ್ ರೂಪದ್ದು, ಮೀನಿಗೆ ಆ ಅಪಾಯವಿಲ್ಲ. ಅಡುಗೆಮನೆಯ ಚಮಚದಲ್ಲಿ ಅರ್ಧ ಗ್ರಾಂ ಅಳೆಯಲಾಗದು: 25 ಗ್ರಾಂ ಗೊಬ್ಬರವನ್ನು ಅರ್ಧ ಲೀಟರು ನೀರಿನಲ್ಲಿ ಕರಗಿಸಿಟ್ಟುಕೊಂಡು, ಸಿರಿಂಜಿನಿಂದ 10 ಮಿಲಿಲೀಟರು ಹಾಕಿ. ಬಾಟಲಿಯ ಮೇಲೆ ಹೆಸರು ಬರೆದು ಮಕ್ಕಳಿಗೆ ಎಟುಕದ ಕಡೆ ಇಡಿ.

ಕಬ್ಬಿಣದ ವಿಚಾರದಲ್ಲಿ ಅಂಗಡಿಯ ಇಡಿಟಿಎ ಕಬ್ಬಿಣವನ್ನು (ಕಬ್ಬಿಣ ಕರಗಿದ ರೂಪದಲ್ಲೇ ಉಳಿಯುವಂತೆ ಇಡಿಟಿಎ ಎಂಬ ರಾಸಾಯನಿಕದೊಡನೆ ಬೆಸೆದದ್ದು) ಗಡಸು ನೀರಿಗೆ ಸುರಿಯುವುದು ಹಣ ಸುರಿದಂತೆಯೇ. ಪಿಎಚ್ 7ನ್ನು ದಾಟಿದರೆ ಅದು ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಮೇಲೆ ಹೇಳಿದ ಮಸಾರಿ ಮಣ್ಣನ್ನು ಕಲಸಿ ಗೋಲಿಯಷ್ಟು ಉಂಡೆ ಕಟ್ಟಿ, ನೆರಳಿನಲ್ಲಿ ಗಟ್ಟಿಯಾಗಿ ಒಣಗಿಸಿ, ಗಿಡದ ಬುಡದಲ್ಲಿ ಉಸುಕಿನಡಿ ಬೆರಳಿನಿಂದ ಒತ್ತಿ. ಕ್ರಿಪ್ಟೊಕೊರೈನ್, ವ್ಯಾಲಿಸ್ನೇರಿಯಾಗಳು ಬೇರಿನಿಂದ ಉಣ್ಣುವ ಗಿಡಗಳು, ಒಂದು ತಿಂಗಳಲ್ಲಿ ಹೊಸ ಎಲೆಯ ಬಣ್ಣ ಹೇಳುತ್ತದೆ. ತೂತು ಬಿದ್ದ ಹಳೆಯ ಎಲೆ ಮತ್ತೆ ಸರಿಹೋಗುವುದಿಲ್ಲ, ಅದನ್ನು ನೋಡುತ್ತ ಗೊಬ್ಬರ ಹೆಚ್ಚಿಸಬೇಡಿ.

ಪ್ರಶ್ನೆ: ಹೊಸದಾಗಿ ತಂದ ಕ್ರಿಪ್ಟೊಕೊರೈನ್ ಎಲೆಗಳು ಹತ್ತೇ ದಿನದಲ್ಲಿ ಲೋಳೆಯಾಗಿ ಕರಗಿದವು. ಗಾಜಿನ ಮೇಲೆ ಪಾಚಿ ಕಟ್ಟುತ್ತಿದೆ. ತೊಟ್ಟಿ ಪಡಸಾಲೆಯ ಪಶ್ಚಿಮದ ಕಿಟಕಿಯ ಪಕ್ಕದಲ್ಲಿದ್ದು, ದೀಪ ಬೆಳಿಗ್ಗೆಯಿಂದ ರಾತ್ರಿಯವರೆಗೆ ಉರಿಯುತ್ತದೆ. ಅಂಗಡಿಯವರು ‘ದ್ರವ ಇಂಗಾಲ’ದ ಬಾಟಲಿಯನ್ನೂ ಪಾಚಿ ತಿನ್ನುವ ಸಕ್ಕರ್ ಮೀನನ್ನೂ ಕೊಳ್ಳಿ ಎನ್ನುತ್ತಾರೆ. (ಹುಬ್ಬಳ್ಳಿಯ ಗೃಹಿಣಿ)

ಉತ್ತರ: ಎರಡನ್ನೂ ಕೊಳ್ಳಬೇಡಿ. ‘ದ್ರವ ಇಂಗಾಲ’ ಎಂದು ಮಾರುವುದು ಹೆಚ್ಚಾಗಿ ಗ್ಲುಟರಾಲ್ಡಿಹೈಡ್. ಆಸ್ಪತ್ರೆಗಳಲ್ಲಿ ಉಪಕರಣಗಳನ್ನು ಸೋಂಕುರಹಿತ ಮಾಡಲು ಬಳಸುವ ರಾಸಾಯನಿಕ. ಅದು ಪಾಚಿಯನ್ನು ಕೊಲ್ಲುವುದೇನೋ ನಿಜ, ವ್ಯಾಲಿಸ್ನೇರಿಯಾವನ್ನೂ ಕರಗಿಸಿಬಿಡುತ್ತದೆ. ಸಕ್ಕರ್ ಮೀನು ಅಂಗಡಿಯಲ್ಲಿ ಬೆರಳಿನಷ್ಟಿದ್ದದ್ದು ಬೆಳೆದರೆ 30 ಸೆಂಟಿಮೀಟರನ್ನೂ ಮೀರುತ್ತದೆ, ಗಿಡಗಳನ್ನು ಕೀಳುತ್ತದೆ, ಅದು ತಿನ್ನುವ ಪಾಚಿಗಿಂತ ಅದರ ಹಿಕ್ಕೆಯೇ ಜಾಸ್ತಿ.

ನಿಮ್ಮ ಗಿಡ ಸತ್ತಿಲ್ಲ. ನರ್ಸರಿಗಳಲ್ಲಿ ಈ ಗಿಡಗಳನ್ನು ತೇವದ ಗಾಳಿಯಲ್ಲಿ, ನೀರಿನ ಹೊರಗೆ ಬೆಳೆಸುತ್ತಾರೆ. ನೀರಿನೊಳಗೆ ಮುಳುಗಿಸಿದಾಗ ಆ ಎಲೆಗಳು ಕೆಲಸಕ್ಕೆ ಬಾರದೆ ಕರಗುತ್ತವೆ, ಬೇರು ಜೀವಂತವಿದ್ದು ನೀರಿಗೆ ಹೊಂದುವ ಹೊಸ ಎಲೆಯನ್ನು ಬಿಡುತ್ತದೆ. ಜಾಗ ಬದಲಿಸಿದರೂ, ನೀರು ಒಮ್ಮೆಗೇ ಬದಲಾದರೂ ಕ್ರಿಪ್ಟೊಕೊರೈನ್ ಹೀಗೆಯೇ ಮುನಿಸಿಕೊಳ್ಳುತ್ತದೆ. ಲೋಳೆಯಾದ ಎಲೆಯನ್ನಷ್ಟೇ ಕತ್ತರಿಸಿ ತೆಗೆಯಿರಿ. ಬುಡವನ್ನು ಕಿತ್ತು ನೋಡುವ ಆಸೆಯನ್ನು ಆರು ವಾರ ತಡೆಯಿರಿ.

ಪಾಚಿಗೆ ಕಾರಣ ಬೆಳಕು. ಇಂಗಾಲ ಕಡಿಮೆಯಿರುವ ತೊಟ್ಟಿಯಲ್ಲಿ ಗಿಡ ಬಳಸಲಾರದಷ್ಟು ಬೆಳಕು ಕೊಟ್ಟರೆ ಉಳಿದದ್ದು ಪಾಚಿಯ ಪಾಲು. ತೊಟ್ಟಿಯನ್ನು ಒಳಗೋಡೆಗೆ ಸರಿಸಿ. ಆಗದಿದ್ದರೆ ಕಿಟಕಿಯ ಕಡೆಯ ಗಾಜಿಗೆ ಕಪ್ಪು ಕಾಗದ ಅಂಟಿಸಿ. ದೀಪ ದಿನಕ್ಕೆ ಎಂಟು ತಾಸಿಗಿಂತ ಹೆಚ್ಚು ಬೇಡ. ಒಂದು ಅಗ್ಗದ ಟೈಮರ್ ಸಿಕ್ಕಿಸಿ ಬೆಳಿಗ್ಗೆ ನಾಲ್ಕು ತಾಸು, ನಡುವೆ ನಾಲ್ಕು ತಾಸು ಬಿಡುವು, ಸಂಜೆ ನಾಲ್ಕು ತಾಸು ಎಂದು ಇಟ್ಟರೆ ಬಿಡುವಿನ ಹೊತ್ತಿನಲ್ಲಿ ನೀರಿನ ಕಾರ್ಬನ್ ಡೈಆಕ್ಸೈಡ್ ಮತ್ತೆ ಸ್ವಲ್ಪ ಕೂಡುತ್ತದೆ. ಹೊಸ ತೊಟ್ಟಿಯ ಕಂದು ಪದರವಾದರೆ ಉಜ್ಜಿ ತೆಗೆದು ಸುಮ್ಮನಿರಿ, ಒಂದೆರಡು ತಿಂಗಳಲ್ಲಿ ತಾನೇ ಹೋಗುತ್ತದೆ.

ಪ್ರಶ್ನೆ: ಮೇ ತಿಂಗಳಲ್ಲಿ ತೊಟ್ಟಿಯ ನೀರು 32 ಡಿಗ್ರಿ ಮುಟ್ಟುತ್ತದೆ. ಐಸ್ ಹಾಕಬಹುದೇ? (ಹುಬ್ಬಳ್ಳಿ)

ಉತ್ತರ: ಬೇಡ, ತಾಪ ಒಮ್ಮೆಗೇ ಇಳಿದು ಏರಿದರೆ ಮೀನಿಗೂ ಗಿಡಕ್ಕೂ ಕೇಡು. ಮುಚ್ಚಳ ತೆಗೆದು ನೀರಿನ ಮೇಲ್ಮೈಗೆ ಬೀಸುವಂತೆ ಸಣ್ಣ ಫ್ಯಾನ್ ಇಡಿ, ನಮ್ಮ ಒಣ ಬೇಸಿಗೆಯಲ್ಲಿ ಎರಡು ಮೂರು ಡಿಗ್ರಿ ಖಂಡಿತ ಇಳಿಯುತ್ತದೆ. ಆವಿಯಾದ ನೀರಿನ ಬಗ್ಗೆ ಗದಗದವರಿಗೆ ಹೇಳಿದ್ದನ್ನು ಓದಿ. 25 ಡಿಗ್ರಿಯಲ್ಲಿ ಲೀಟರಿಗೆ 8.3 ಮಿಲಿಗ್ರಾಂ ಆಮ್ಲಜನಕ ಹಿಡಿಯುವ ನೀರು 30ರಲ್ಲಿ 7.6ನ್ನಷ್ಟೇ ಹಿಡಿಯುತ್ತದೆ, ಕತ್ತಲಲ್ಲಿ ಗಿಡಗಳೂ ಅದನ್ನು ಉಸಿರಾಡುವುದರಿಂದ ರಾತ್ರಿ ಏರ್ ಪಂಪ್ ನಡೆಯಲಿ.

ಪ್ರಶ್ನೆ: ಕೆರೆಯಿಂದ ಹೈಡ್ರಿಲ್ಲಾ ತಂದು ಬಿಟ್ಟುಕೊಳ್ಳಬಹುದೇ? ಹೆಚ್ಚಾದಾಗ ಉಣಕಲ್ ಕೆರೆಗೇ ಬಿಟ್ಟರಾಗದೇ? (ಹುಬ್ಬಳ್ಳಿಯ ಕಾಲೇಜು ವಿದ್ಯಾರ್ಥಿ)

ಉತ್ತರ: ಗಟಾರದ ನೀರು ಸೇರದ ಕೆರೆಯಾದರೆ ತರಬಹುದು. ಹೈಡ್ರಿಲ್ಲಾ ನಮ್ಮದೇ ನೆಲದ ಗಿಡ. ಆದರೆ ಅದರೊಡನೆ ಜಿಗಣೆ, ಡ್ರ್ಯಾಗನ್‌ಫ್ಲೈ ಮರಿ, ಬಸವನಹುಳುವಿನ ಮೊಟ್ಟೆ ಬರುತ್ತವೆ. ಪೊಟ್ಯಾಶಿಯಂ ಪರ್‌ಮ್ಯಾಂಗನೇಟ್‌ನ ತಿಳಿ ಗುಲಾಬಿ ನೀರಿನಲ್ಲಿ ಹತ್ತು ನಿಮಿಷ ಅದ್ದಿ, ತೊಳೆದು, ಒಂದು ವಾರ ಬೇರೆ ಬಕೆಟ್ಟಿನಲ್ಲಿಟ್ಟು ನೋಡಿ ಆಮೇಲೆ ತೊಟ್ಟಿಗೆ ಹಾಕಿ.

ಕೆರೆಗೆ ಬಿಡುವ ಮಾತು ಮಾತ್ರ ಬೇಡ. ಉಣಕಲ್ ಕೆರೆಯನ್ನು ಮುಚ್ಚಿದ ಅಂತರಗಂಗೆ (ವಾಟರ್ ಹಯಸಿಂತ್) ದಕ್ಷಿಣ ಅಮೆರಿಕದಿಂದ ಬಂದ ಗಿಡ. ನಮ್ಮ ಹೈಡ್ರಿಲ್ಲಾ 1950ರ ದಶಕದಲ್ಲಿ ಅಕ್ವೇರಿಯಂ ವ್ಯಾಪಾರದ ಮೂಲಕ ಫ್ಲಾರಿಡಾ ಸೇರಿ ಅಲ್ಲಿನ ನದಿ-ಕಾಲುವೆಗಳನ್ನು ಕಟ್ಟಿಹಾಕಿತು. ಎರಡು ಅಂಗುಲದ ತುಂಡಿನಿಂದಲೂ ಅದು ಮತ್ತೆ ಚಿಗುರುತ್ತದೆ. ಸವರಿ ತೆಗೆದ ಗಿಡವನ್ನು ಮಾಳಿಗೆಯ ಮೇಲೆ ಎರಡು ದಿನ ಬಿಸಿಲಿಗೆ ಹರವಿ, ಪೂರ್ತಿ ಒಣಗಿದ ಮೇಲೆ ಕರಿಬೇವಿನ ಕುಂಡದ ಬುಡಕ್ಕೆ ಹಾಕಿ. ವಾರಕ್ಕೊಮ್ಮೆ ತೆಗೆಯುವ ತೊಟ್ಟಿಯ ನೀರನ್ನೂ ಅದೇ ಕುಂಡಕ್ಕೆ ಹನಿಸಿ.